ತ್ರಿಕೋನ ತೆಗೆದ ಹಾಡುಗಳು

ಆ ಮಂಗಳವಾರ ನನ್ನ ಗಂಡ ಬೆಳಗ್ಗೆಯಿಂದ ಕಂಪ್ಯೂಟರ್ ಮುಂದೆ ಕೂತಿದ್ದರು. ಬ್ಯಾಂಡಿನವರಿಗೆ ಹಾಡುಗಳ ಸ್ವರ ಬರೆದು ಅಚ್ಚು ಹಾಕಿಕೊಡುವುದು ಅವರ ಕೆಲಸ. ಸ್ವರದ ಸಾಲಿನ ಮೇಲೆ ಕಾರ್ಡ್‌ಗಳ ಗುರುತು ಬರುತ್ತದೆ, ಯಾವ ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತಬೇಕು ಅಂತ. ಸಾಫ್ಟ್‌ವೇರ್ ಅದನ್ನು ಚಿಕ್ಕದಾಗಿ ತೋರಿಸುತ್ತದೆ, ಕೆಲವು ಕಡೆ ಬರೀ ತ್ರಿಕೋನ.

ಬ್ಯಾಂಡಿನಲ್ಲಿ ಪಿಯಾನೊ ನುಡಿಸುವ ಟೀಚರಿಗೆ ಕಣ್ಣು ಮಂಜು. ತ್ರಿಕೋನ ಸೊನ್ನೆಯ ಹಾಗೆ ಕಾಣುತ್ತದೆ. ಸೊನ್ನೆ ಅಂದರೆ ಬೇರೆಯೇ ಕಾರ್ಡ್. ಹೋದ ಕಾರ್ಯಕ್ರಮದಲ್ಲಿ ತಪ್ಪು ನುಡಿಸಿ ಎಲ್ಲರೆದುರು ತಲೆ ತಗ್ಗಿಸಿದ್ದರು. ಇನ್ನೊಂದು ಸಲ ಹಾಗಾದರೆ ಬ್ಯಾಂಡ್ ಬಿಡುತ್ತೇನೆ ಅಂದಿದ್ದರು. ಅದಕ್ಕೆ ಇವರು ತ್ರಿಕೋನ ತೆಗೆದು ಅಕ್ಷರ ಬರುವ ಹಾಗೆ, ಅದೂ ದಪ್ಪಗೆ, ಸಾಲಿನಿಂದ ದೂರ ನಿಲ್ಲುವ ಹಾಗೆ ಸೆಟ್ಟಿಂಗ್ ಮಾಡಿದರು.

“ರೀ, ಅದೊಂದು ಪುಟಾನ ಎಷ್ಟೊತ್ತು ನೋಡ್ತೀರಿ?”

“ಸುಮ್ನಿರೇ. ನೀನು ಗೋಡೆ ಫೋಟೊ ನೆಟ್ಟಗೆ ಮಾಡೋಕೆ ಅರ್ಧ ದಿನ ತಗೊಳ್ಲಿಲ್ವಾ?”

ಬುಧವಾರ ಹಾಲು ತರಲು ಹೋದವರು ರಸ್ತೆಯಲ್ಲೇ ಬಿದ್ದರು. ಎದೆನೋವು. ಆಸ್ಪತ್ರೆ ತಲುಪಲಿಲ್ಲ.

ತಿಂಗಳಾದ ಮೇಲೆ ಬ್ಯಾಂಡ್ ಮಾಸ್ಟರ್ ಬಂದರು. ಮೂವತ್ತೊಂದು ಹಾಡು ಅಚ್ಚು ಹಾಕಿಕೊಂಡು ಹೋಗಬೇಕಿತ್ತು. ನಾನು ಕಂಪ್ಯೂಟರ್ ಆನ್ ಮಾಡಿದೆ. ಅದು ನಾಲ್ಕು ಸಾಲಿನಲ್ಲಿ ಏನೋ ಕೇಳಿತು. ಓದದೆ ಒತ್ತಿದೆ. ಹಾಡು ತೆರೆದರೆ ಎಲ್ಲ ಕಡೆ ಚಿಕ್ಕ ತ್ರಿಕೋನ. ಮೂವತ್ತೊಂದರಲ್ಲೂ.

“ಏನ್ ಒತ್ತಿದ್ರಿ ಅಕ್ಕಾ? ಹಳೇ ಸೆಟ್ಟಿಂಗೆಲ್ಲ ಅಳಿಸಿಹೋಗಿದೆ!”

“ಕೇಳ್ತು. ಹೂಂ ಅಂದೆ.”

“ಕೇಳಿದ್ದಕ್ಕೆಲ್ಲ ಹೂಂ ಅನ್ನೋಕೆ ಅದೇನು ನಿಮ್ಮತ್ತೆನಾ?”

ಅಂದ ಅವರಿಗೇ ನಗು ಬರಲಿಲ್ಲ. ಇದ್ದ ಹಾಗೇ ಕೊಡಿ, ಉಳಿದವರು ಓದುತ್ತಾರೆ ಅಂದರು.

“ಟೀಚರು?” ಅಂದೆ.

ಮಾಸ್ಟರ್ ಚಪ್ಪಲಿ ಹಾಕಿಕೊಂಡರು.

ಆ ಮಂಗಳವಾರ ಸಂಜೆ ಇವರು ಅಚ್ಚು ಹಾಕಿ ಕೊಟ್ಟಿದ್ದ ಒಂದು ಹಾಳೆ ಟೀಚರ್ ಹತ್ತಿರ ಇತ್ತು. ಕೇಳಿ ತಂದೆ. ಕಂಪ್ಯೂಟರಿನಲ್ಲಿ ಎಲ್ಲಿ ಏನು ಒತ್ತಬೇಕು ಅಂತ ಟೀಚರ ಮಗಳು ಬಂದು ತೋರಿಸಿದಳು. ಎಲ್ಲ ಹಾಡಿಗೂ ಒಟ್ಟಿಗೆ ಮಾಡುವುದು ಅವಳಿಗೂ ಬರಲಿಲ್ಲ. ಒಂದೊಂದೇ ಮಾಡಬೇಕು. ಮೊದಲನೆಯದನ್ನು ಒಯ್ದು ಕೊಟ್ಟೆ. ಟೀಚರ್ ಅದನ್ನು ಮೂಗಿನ ಹತ್ತಿರ ಹಿಡಿದರು.

“ಕಾಣುತ್ತಮ್ಮಾ. ಆದ್ರೆ ಅವ್ರು ಮಾಡಿದ ಹಾಗಿಲ್ಲ. ಸಾಲಿಗೆ ಅಂಟ್ಕೊಂಡಂಗಿದೆ.”

ಮನೆಗೆ ಬಂದು ಅತ್ತುಬಿಟ್ಟೆ.

ಬೆಳಗ್ಗೆ ಮುಖ ತೊಳೆದು ಕೂರುತ್ತೇನೆ. ಒಂದು ಹಾಡಿನ ತ್ರಿಕೋನ ತೆಗೆದು ಅಕ್ಷರ ಹಾಕುತ್ತೇನೆ. ಅಚ್ಚು ತೆಗೆದು, ಇವರ ಹಾಳೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಸಾಲಿಗೂ ಅಕ್ಷರಕ್ಕೂ ನಡುವಿನ ಜಾಗ ಇವರು ಬಿಟ್ಟಷ್ಟೇ ಇರಬೇಕು. ಇಲ್ಲದಿದ್ದರೆ ಇನ್ನೊಮ್ಮೆ ಕೂತು ಸರಿಮಾಡುತ್ತೇನೆ.