ನಾಲ್ಕು ಭಾಷೆಯ ಬೋಜಪ್ಪ

ಆಲಂಕಾರಿನಲ್ಲಿ ಗದ್ದೆ ಬೇಸಾಯ ಮಾಡಿಕೊಂಡಿದ್ದ ಬೋಜಪ್ಪನಿಗೆ ಇದ್ದದ್ದು ಒಂದೇ ಚಟ. ಬೀಡಿ ಸೇದುವವನಲ್ಲ, ಕೋಳಿ ಅಂಕದ ಜೂಜಿಗೆ ಹೋಗುವವನಲ್ಲ. ಸಂಜೆ ಮೂಸಕುಂಞಿಯ ಜೀನಸಿನಂಗಡಿಗೆ ಹೋಗಿ ಪದ ಬಿಡಿಸದಿದ್ದರೆ ಮಾತ್ರ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಶಾಲೆಯ ಪದ್ಮಯ್ಯ ಮಾಸ್ಟ್ರು ಅಂಗಡಿಯ ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಿಂದ ಚೌಕಗಳನ್ನೆಳೆದು ದಿನಕ್ಕೊಂದು ಪದಬಂಧ ಹೂಡುತ್ತಿದ್ದರು. ಪದ ಬಿಡಿಸಿದವನು ಅದನ್ನೇ ಸೇರಿಸಿ ನಿಂತ ನಿಲುವಿನಲ್ಲಿ ಒಂದು ತಮಾಷೆಯ ಪದ್ಯ ಕಟ್ಟಬೇಕು, ಕಟ್ಟಲಾಗದಿದ್ದರೆ ಎಲ್ಲರಿಗೂ ಚಹಾ ಕುಡಿಸಬೇಕು. ಬೋಜಪ್ಪ ಚಹಾ ಕುಡಿಸಿದ್ದನ್ನು ಕಂಡವರೇ ಇರಲಿಲ್ಲ.

ಅಂಥವನಿಗೆ ಅರುವತ್ತನೆಯ ಇಸವಿಯ ಮಳೆಗಾಲದ ಒಂದು ಸಂಜೆ ಬೆಕ್ಕು ಎಂಬ ಪದ ಸಿಗಲಿಲ್ಲ.

"ಇಲಿಯ ಶತ್ರು, ಎರಡಕ್ಷರ" ಎಂದಿದ್ದರು ಮಾಸ್ಟ್ರು, ಮಕ್ಕಳಿಗೆ ಕೊಡುವಂಥ ಸುಳಿವು. ಬೋಜಪ್ಪನ ಕಣ್ಣಮುಂದೆ ಆ ಪ್ರಾಣಿ ಮೀಸೆ ಬಾಲಗಳ ಸಮೇತ ಬಂದು ಕೂತಿತು. ಹೆಸರು ಮಾತ್ರ ಬರಲಿಲ್ಲ. ಹೆಸರಿರಬೇಕಾದ ಜಾಗ ಬರಿದಾಗಿತ್ತು. ಅಷ್ಟರಲ್ಲಿ ಎಲ್ಲಿಂದಲೋ ತುಳುವಿನ ಪುಚ್ಚೆ ನಾಲಿಗೆಗೆ ಬಂತು. ಅದೂ ಎರಡಕ್ಷರವೇ. ಮುಳುಗುವವನಿಗೆ ಬೇರು ಸಿಕ್ಕಂತಾಗಿ ಅದನ್ನೇ ಹಿಡಿದುಕೊಂಡ.

"ಅಟ್ಟದ ಮೇಲೆ ಕುಳಿತಿದೆ ಪುಚ್ಚೆ,
ಕತ್ತಲಿನಲ್ಲೂ ಕಣ್ಣೆರಡು ಪಚ್ಚೆ,
ಹಾಲಿನ ಕುಡಿಕೆಯ ಮೇಲೆಯೇ ಇಚ್ಛೆ."

ಮೂಸಕುಂಞಿ ಗಲ್ಲಾಪೆಟ್ಟಿಗೆಗೆ ಬಡಿದು ನಕ್ಕ. "ಕನ್ನಡದ ಅಟ್ಟಕ್ಕೆ ತುಳು ಬೆಕ್ಕನ್ನು ಹತ್ತಿಸಿದ್ರಲ್ಲ ಮಾರಾಯ್ರೆ. ನಿಮ್ಮ ತಲೆಯೊಳಗೆ ಎಂತ ಉಂಟು?"

ಎಂತ ಉಂಟು ಎಂದು ಹೇಳಲು ಬೋಜಪ್ಪನಿಗೆ ಧೈರ್ಯವಿರಲಿಲ್ಲ. ಹುಟ್ಟಿದೂರು ಗುತ್ತಿಗಾರಿನ ಮನೆಯಲ್ಲಿ ಅವನ ತಾಯಿಗೂ ಮೊದಮೊದಲು ಮರೆತುಹೋದದ್ದು ಪದಗಳೇ. ಸೌಟಿಗೆ 'ಅದು' ಎಂದಳು, ಹಸುವಿಗೆ 'ಅದು' ಎಂದಳು. ಆಮೇಲೆ ಹೆತ್ತ ಮಗನನ್ನು ಅಣ್ಣ ಎಂದು ಕರೆದಳು. ತನ್ನ ಮನೆಯ ಜಗಲಿಯಲ್ಲೇ ಕೂತು, ನನ್ನನ್ನು ಮನೆಗೆ ಬಿಟ್ಟುಬನ್ನಿ ಎಂದು ಅತ್ತಳು. ಕೊನೆಗೆ ಬಾಯಿಗಿಟ್ಟ ತುತ್ತನ್ನು ನುಂಗುವುದೂ ಮರೆತುಹೋಗಿತ್ತು. ಅದೆಲ್ಲವನ್ನೂ ಪಕ್ಕದಲ್ಲಿ ನಿಂತು ನೋಡಿದವನು ಬೋಜಪ್ಪ. ಸಾವಿಗೆ ಅವನೇನೂ ಅಷ್ಟು ಹೆದರುವವನಲ್ಲ. ಹೆದರಿಕೆಯೆಲ್ಲ ಆ ಜಗಲಿಯದ್ದು.

ತಮಾಷೆ ನೋಡಿ, ಅವನ ಕಷ್ಟ ಊರಿಗೆ ವಿದ್ಯೆಯಾಗಿ ಕಂಡಿತು. ಮನೆಯಲ್ಲಿ ಗೌಡರ ಅರೆಭಾಷೆ, ಗದ್ದೆಯಲ್ಲಿ ತುಳು, ಮೂಸಕುಂಞಿಯ ಸಹವಾಸದಿಂದ ಬ್ಯಾರಿ, ಶಾಲೆಯ ಕನ್ನಡ. ಒಂದರಲ್ಲಿ ಪದ ಕೈಕೊಟ್ಟಾಗ ಇನ್ನೊಂದರಿಂದ ತಂದು ತುಂಬಿಸುತ್ತಿದ್ದ. ಮಳೆ ಎಂಬುದು ಮರೆತ ದಿನ ತುಳುವಿನ ಬರ್ಸ, ಅಕ್ಕಿ ಎಂಬುದು ಮರೆತ ದಿನ ಬ್ಯಾರಿಯ ಅರಿ. ಕೇಳಿದವರು ತಲೆದೂಗಿದರು. 'ನಾಲ್ಕು ಭಾಷೆಯ ಬೋಜಪ್ಪ' ಎಂದು ಬಿರುದೂ ಸಿಕ್ಕಿತು. ಅವನ ಹಾಗೆ ಕಟ್ಟಲು ಹೊರಟ ಉಳಿದವರು ತಿಣುಕಾಡಿ ಚಹಾ ಕುಡಿಸಿದರು. ಚಪ್ಪಾಳೆ ಬಿದ್ದಷ್ಟೂ ಬೋಜಪ್ಪನಿಗೆ ಅಂಗಡಿಯೇ ಬೇಡವೆನಿಸುತ್ತಿತ್ತು. ಅಂಗಡಿಗೆ ಹೋಗುವುದು ಬಿಟ್ಟರೆ ಯಾಕೆಂದು ಕೇಳುತ್ತಾರೆ, ಹೋದರೆ ಇಂದು ಯಾವ ಪದ ಹೋಗುತ್ತದೋ ಎಂಬ ಭಯ. ದಾರಿಯುದ್ದಕ್ಕೂ ಕಂಡದ್ದರ ಹೆಸರನ್ನೆಲ್ಲ ಬಾಯೊಳಗೇ ಹೇಳಿಕೊಳ್ಳುತ್ತ ನಡೆಯುತ್ತಿದ್ದ. ಎದುರು ಬಂದವರು, ಪಾಪ, ಪದ್ಯ ಕಟ್ಟುತ್ತಿದ್ದಾನೆ ಎಂದು ದಾರಿ ಬಿಡುತ್ತಿದ್ದರು.

ಮರುವರ್ಷ ಫೆಬ್ರವರಿಯಲ್ಲಿ ಜನಗಣತಿ ಬಂತು. ಮಾಸ್ಟ್ರುಗಳ ತಲೆಗೇ ಆ ಕೆಲಸ. ಪದ್ಮಯ್ಯ ಮಾಸ್ಟ್ರು ಬೋಜಪ್ಪನ ಮನೆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಜಗಲಿಯಲ್ಲಿ ಕೂತು, ಹೆಸರು, ಪ್ರಾಯ, ಕಸುಬು ಎಲ್ಲ ಕೇಳಿ ಬರೆದುಕೊಂಡರು. ಬೋಜಪ್ಪ ಒಂದೂ ತಪ್ಪದೆ ಉತ್ತರಿಸಿದ.

"ಹೆಂಡತಿಯ ಹೆಸರು?"

ಬೋಜಪ್ಪ ಬಾಯಿ ತೆರೆದ. ಒಳಗಿನಿಂದ ಅವಳು ಮಜ್ಜಿಗೆ ಕಡೆಯುವ ಸದ್ದು ಕೇಳುತ್ತಿತ್ತು. ಅವಳ ಮುಖ, ಹಣೆಯ ಮೇಲಿನ ಗಾಯದ ಕಲೆ, ಕೆಮ್ಮುವ ರೀತಿ ಎಲ್ಲವೂ ಇತ್ತು. ಹೆಸರಿನ ಜಾಗ ಬರಿದು. ಅಭ್ಯಾಸದಂತೆ ತುಳುವಿನಲ್ಲಿ ಹುಡುಕಿದ, ಅರೆಭಾಷೆಯಲ್ಲಿ ಹುಡುಕಿದ. ಬೇರೆ ಪದಗಳಿಗಾದರೆ ಬದಲಿ ಇತ್ತು. ಹೆಸರು ಎಲ್ಲ ಭಾಷೆಯಲ್ಲೂ ಅದೊಂದೇ. ಅವನು ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದ.

ಮಾಸ್ಟ್ರು ನಕ್ಕರು. "ಈ ಪ್ರಾಯದಲ್ಲಿ ಎಂತ ನಾಚಿಕೆ ಬೋಜಪ್ಪಣ್ಣ? ನಮ್ಮ ಕಡೆಯ ಗಂಡಸರೆಲ್ಲ ಹೀಗೆಯೇ, ಹೆಂಡತಿಯ ಹೆಸರು ಹೇಳಿದರೆ ಹಲ್ಲು ಉದುರ್ತದೆ ಅಂತ ಹೆದರುದು. ಪದ್ಯದಲ್ಲಾದರೂ ಹೇಳಿ, ಬರ್ಕೊಳ್ತೇನೆ."

ಮಜ್ಜಿಗೆಯ ಸದ್ದು ನಿಂತಿತು. ಅವಳು ಬಾಗಿಲಿಗೆ ಬಂದು ಗಂಡನ ಮುಖವನ್ನು ನೋಡಿದಳು. ಅವನು ತಲೆ ತಗ್ಗಿಸಿದ.

"ದೇವಮ್ಮ ಅಂತ ಬರೀರಿ ಮಾಸ್ಟ್ರೆ" ಎಂದಳು.

ಮಾಸ್ಟ್ರು ಬರೆದುಕೊಂಡು, ಇದನ್ನು ಸಂಜೆ ಅಂಗಡಿಯಲ್ಲಿ ಹೇಳದೆ ಬಿಡುವವನಲ್ಲ ಎಂದು ನಗುತ್ತ, ಮಜ್ಜಿಗೆ ಕುಡಿದು ಹೊರಟರು. ದೇವಮ್ಮ ನಗಲಿಲ್ಲ. ಉಳಿದ ಗಂಡಸರ ಮಾತು ಹೇಗೋ, ಈ ಗಂಡಸು ಮದುವೆಯಾದ ಮರುದಿನವೇ ಅತ್ತೆ ಮಾವಂದಿರ ಎದುರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದು ಬೈಗುಳ ತಿಂದವನು. ಆಮೇಲೂ ಒಂದು ದಿನವಾದರೂ ಬಿಟ್ಟವನಲ್ಲ.

ಅವಳು ಅವನ ಪಕ್ಕದಲ್ಲಿ ಕೂತಳು. ಕೊನೆಗಾಲದಲ್ಲಿ ಅತ್ತೆಗೆ ತುತ್ತು ಉಣಿಸಿದ್ದೂ, ಅತ್ತೆಯ ಬಟ್ಟೆ ಬದಲಿಸಿದ್ದೂ ಅವಳೇ.

"ಯಾವಾಗಿಂದ?" ಎಂದು ಕೇಳಿದಳು.

"ಮಳೆಗಾಲದಿಂದ."

ಅವಳು ಅವನ ಕೈಯನ್ನು ತೊಡೆಯ ಕೆಳಗಿನಿಂದ ಹೊರಗೆಳೆದು ಹಿಡಿದುಕೊಂಡಳು. "ನನ್ನ ಹೆಸರು ಒಮ್ಮೆ ಹೇಳಿ."

"ದೇವಮ್ಮ" ಎಂದ ಬೋಜಪ್ಪ, ಈಗಷ್ಟೇ ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುವವನಂತೆ. ಅವಳು ಕೈ ಬಿಡದೆ ಬೇರೆ ಕಡೆಗೆ ಮುಖ ತಿರುಗಿಸಿಕೊಂಡಳು.