ಇವರಿಬ್ಬರೂ ಒಬ್ಬರೇ?

ಬಾಗಿಲಿಗೆ ರಂಗೋಲಿ ಎಳೆದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಾಲು ಕಾಯಿಸಿ, ಅಮ್ಮನಿಗೆ ಮೊದಲ ಲೋಟ ಕಾಫಿ ಕೊಟ್ಟು ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತೇನೆ. ಆ ಐದು ನಿಮಿಷ ಫೋನಿನದು. ಆವತ್ತು ಬೆಳಿಗ್ಗೆ ಫೋನೇ ನನ್ನನ್ನು ಒಂದು ಪ್ರಶ್ನೆ ಕೇಳಿತು. ಫೋಟೋಗಳಲ್ಲಿರುವ ಮುಖಗಳನ್ನೆಲ್ಲ ಅದು ಒಬ್ಬೊಬ್ಬರ ಹೆಸರಿನಡಿ ಗುಂಪು ಮಾಡಿಡುತ್ತದೆ. ಅನುಮಾನ ಬಂದರೆ ನಮ್ಮನ್ನು ಕೇಳುತ್ತದೆ. ಪಕ್ಕಪಕ್ಕದಲ್ಲಿ ಎರಡು ದುಂಡು ಚಿತ್ರ. ಇವರಿಬ್ಬರೂ ಒಬ್ಬರೇ, ಬೇರೆಯವರೇ?

ಎರಡೂ ಅಮ್ಮ. ಒಂದರಲ್ಲಿ ತಮ್ಮನ ಗೃಹಪ್ರವೇಶದ ದಿನದ ಅಮ್ಮ. ನಾಲ್ಕಾಣೆಯಗಲ ಕುಂಕುಮ, ಬಿಳಿಕಲ್ಲಿನ ಮೂಗುಬೊಟ್ಟು. ಇನ್ನೊಂದು ಹೋದ ತಿಂಗಳದ್ದು, ಬರಿ ಹಣೆ. ಅಪ್ಪ ಹೋಗಿ ಮೂರು ವರ್ಷ. ‘ಅಮ್ಮ’ ಎಂದು ನಾನು ಹಿಂದೆ ಹೆಸರು ಕೊಟ್ಟಿದ್ದ ಗುಂಪಿಗೆ ಈ ಮೂರು ವರ್ಷದ ಒಂದು ಫೋಟೋವೂ ಸೇರಿರಲಿಲ್ಲ. ಅವೆಲ್ಲ ಹೆಸರಿಲ್ಲದ ಯಾರೋ ಒಬ್ಬರದಾಗಿ ಬೇರೆ ಬಿದ್ದಿದ್ದವು. ನಾನು ಗಮನಿಸಿಯೇ ಇರಲಿಲ್ಲ.

ಅಪ್ಪನ ವೈಕುಂಠ ಸಮಾರಾಧನೆಯ ಮಧ್ಯಾಹ್ನ ಅಮ್ಮ ಇದೇ ಅಡುಗೆಮನೆಯಲ್ಲಿ ನನ್ನ ಸೆರಗು ಹಿಡಿದು ಕೇಳಿದ್ದಳು. “ಹಣೆ ಖಾಲಿ ಬಿಡಕ್ಕೆ ಆಗ್ತಿಲ್ಲ ಕಣೇ. ಸಣ್ಣದೊಂದು ಇಟ್ಕೊಳ್ಲಾ?” ನಡುಮನೆಯಲ್ಲಿ ಸೋದರತ್ತೆಯರೆಲ್ಲ ಕೂತಿದ್ದರು. ಅವರು ಹೊರಡಲಿ, ಆಮೇಲೆ ನೋಡೋಣ ಎಂದೆ. ಸಂಜೆಗೆ ಅವರು ಮಲ್ಲೇಶ್ವರಕ್ಕೆ ಹೊರಟುಹೋದರು. ಆ ‘ಆಮೇಲೆ’ ಮಾತ್ರ ನನ್ನಿಂದ ಬರಲೇ ಇಲ್ಲ. ಕಾನ್ವೆಂಟಿಗೆ ಬೊಟ್ಟು ಇಟ್ಟುಕೊಂಡು ಹೋಗುವಂತಿರದ ಕಾಲದಲ್ಲಿ, ಸಂಜೆ ಮನೆಗೆ ಬಂದ ನಾನು ಶೂ ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿ ಹಣೆಗಿಡುತ್ತಿದ್ದವಳು ಅವಳು.

ಲೋಟ ಇಡಲು ಬಂದ ಅಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮುಚ್ಚಿಡಲು ಹೊತ್ತು ಸಿಗಲಿಲ್ಲ. ಏನಂತೆ ಅದಕ್ಕೆ ಎಂದಳು, ಹೇಳಿದೆ. ಕನ್ನಡಕ ತಂದು ಎರಡನ್ನೂ ನಿಧಾನವಾಗಿ ನೋಡಿದಳು.

“ಬೇರೆ ಅಂತ ಒತ್ತು.”

ನಾನು ‘ಒಬ್ಬರೇ’ ಒತ್ತಿದೆ. ಕ್ಷಣದಲ್ಲಿ ಎರಡು ಗುಂಪೂ ಸೇರಿಹೋದವು. ಅಮ್ಮ ಫೋನು ಇಸಕೊಂಡು ಹೋಗಿ, ಗಾಂಧಿ ಬಜಾರಿನಿಂದ ತಂದ ಮಲ್ಲಿಗೆ ದೇವರಿಗೆ ಕಟ್ಟುವುದನ್ನೂ ಮರೆತು, ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಕೂತಳು. ಮೊಗ್ಗು ತಟ್ಟೆಯಲ್ಲೇ ಬಿರಿಯತೊಡಗಿದವು.

ಮಧ್ಯಾಹ್ನ ಊಟವಾದ ಮೇಲೆ ದೇವರ ಮನೆಯಿಂದ ಕುಂಕುಮದ ಭರಣಿ ತಂದು ಅವಳ ಮುಂದಿಟ್ಟೆ. ಅಮ್ಮ ಅದನ್ನು ಮುಟ್ಟಲಿಲ್ಲ, ದೂರವೂ ಸರಿಸಲಿಲ್ಲ.

“ಆವತ್ತು ನಾನು ಕೇಳ್ದೆ. ಇವತ್ತು ನೀನು ಕೇಳ್ತಿದೀಯ,” ಎಂದಳು. “ನಾಡಿದ್ದು ಶುಕ್ರವಾರ ತಲೆಗೆ ಸ್ನಾನ ಮಾಡ್ತೀನಲ್ಲ, ಆಗ ನೋಡೋಣ.” ಬೇಡ ಎನ್ನಲಿಲ್ಲವಲ್ಲ ಎಂದು ನಾನು ಆ ಮಾತನ್ನೇ ಹಿಡಿದುಕೊಂಡು ಪಾತ್ರೆ ತೊಳೆದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯವರು ಶ್ರಾವಣ ಶುಕ್ರವಾರದ ಅರಿಶಿನ ಕುಂಕುಮಕ್ಕೆ ಕರೆಯಲು ಬಂದರು. ಒಳ್ಳೆಯವರೇ, ಅಮ್ಮನ ಮಂಡಿನೋವು ವಿಚಾರಿಸಿದರು, ಅವಳು ಕಟ್ಟುತ್ತಿದ್ದ ಮಾಲೆಯನ್ನು ಹೊಗಳಿದರು. ಕರೆಯುವಾಗ ಮಾತ್ರ ನನ್ನ ಕಡೆ ತಿರುಗಿದರು.

“ನಾಡಿದ್ದು ಆರು ಗಂಟೆಗೆ ಬಂದ್ಬಿಡಿ. ನಿಮಗೇನು, ಅಮ್ಮ ಹೇಗೂ ಮನೇಲೇ ಇರ್ತಾರೆ, ಬೀಗ ಹಾಕೋ ತಾಪತ್ರಯನೂ ಇಲ್ಲ.”