ಮಾವನ ಒಲೆಯ ಹೊಗೆ

ಎಂಬತ್ತರ ದಶಕದಲ್ಲಿ ಪುಣೆಯ ಸದಾಶಿವ ಪೇಠದ ಗ್ರಂಥಾಲಯವೊಂದರಲ್ಲಿ ಸೇನೆಯ ಇತಿಹಾಸ ಓದುತ್ತಿದ್ದೆ. ಒಮ್ಮೆ, ಪಲ್ಟನ್ನಿನಲ್ಲಿ ಅಡುಗೆಯವನಾಗಿದ್ದ ಸೋದರಮಾವನನ್ನೂ ಕರೆದೊಯ್ದೆ. ಅವನ ಪಲ್ಟನ್ನಿನ ದಪ್ಪ ಇತಿಹಾಸದಲ್ಲಿ ಅಡುಗೆಯವರ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ಮೈಯುರಿಯಿತು. ಮಾವ ಮಾತ್ರ ಒಂದು ಫೋಟೋದಲ್ಲಿ, ಸಾಲಾಗಿ ನಿಂತ ಅಧಿಕಾರಿಗಳ ಹಿಂದೆ ಏಳುತ್ತಿದ್ದ ಹೊಗೆಯ ಮೇಲೆ ಬೆರಳಿಟ್ಟು ಕೂಗಿದ:

"ನೋಡವಾ, ಇದು ನನ್ನ ಒಲಿ ಹೊಗಿ!"

ಪಿಸುಮಾತಿಗೂ ಗದರುವ ಗ್ರಂಥಪಾಲಕರು ಎದ್ದು ಬಂದರು. ವಿಷಯ ತಿಳಿದಿದ್ದೇ ಭೂತಗನ್ನಡಿ ತಂದು ಹೊಗೆಯನ್ನು ನೋಡಿ, ಏನು ಬೇಯುತ್ತಿತ್ತು ಎಂದು ಮರಾಠಿಯಲ್ಲಿ ಕೇಳಿದರು.

"ಬ್ಯಾಳಿ. ಆಗಷ್ಟ ಬಳ್ಳೊಳ್ಳಿ ಒಗ್ಗರಣಿ ಕೊಟ್ಟಿದ್ದೆ. ಸಾಹೇಬರ ಮಾರಿ ನೋಡ್ರಿ, ಘಮಾ ಮೂಗಿಗೆ ಬಡದದ!"

ಅದನ್ನು ಮರಾಠಿಗೆ ತಿರುಗಿಸಿ ಹೇಳಿದೆ; ಗ್ರಂಥಪಾಲಕರೂ ನಾನೂ ಬಗ್ಗಿ ನೋಡಿದೆವು. ಒಬ್ಬ ಅಧಿಕಾರಿಯೂ ಕ್ಯಾಮೆರಾದತ್ತ ನೋಡುತ್ತಿರಲಿಲ್ಲ.